ಜಪಾನೀಸ್‌ಗೆ ಎಸ್ ಯಾಕೆ ಅಂಟುವುದಿಲ್ಲ?

ಹೋದ ತಿಂಗಳು ಒಂದು ಸಂಜೆ ಬಸ್ಸಾರಿಗೆ ಸೊಪ್ಪು ಬಿಡಿಸುತ್ತಾ ಕೂತಿದ್ದೆ. ಫೋನು ಟಿಂಗ್ ಅಂದಿತು. ಎಂಟು ವರ್ಷದ ಹಿಂದೆ ಕೋಲಾರದ ನಮ್ಮ ಮನೆ ವರಾಂಡದಲ್ಲಿ ಇಂಗ್ಲಿಷ್ ಟ್ಯೂಷನ್‌ಗೆ ಕೂರುತ್ತಿದ್ದ ಹುಡುಗಿ. ಈಗ ನರಸಾಪುರದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ಫ್ಯಾಕ್ಟರಿ ಆಫೀಸಿನಲ್ಲಿದ್ದಾಳೆ. "ಮಿಸ್, ಅರ್ಜೆಂಟ್. ಕ್ಯಾಂಟೀನಿಗೆ ಮೇಲ್ ಹಾಕಬೇಕು. ಸರಿಯಿದೆಯಾ ನೋಡಿ ಹೇಳಿ."

ಮೇಲ್ ಹೀಗಿತ್ತು. ನಾಳೆ ಆರು ಜನ ಅತಿಥಿಗಳು ಬರುತ್ತಾರೆ: "ಟೂ ಜಪಾನೀಸಸ್, ತ್ರೀ ಜರ್ಮೆನ್ ಅಂಡ್ ಒನ್ ಫ್ರೆಂಚ್". ಅದರ ಕೆಳಗೆ "ದಿ ಜಪಾನೀಸಸ್' ಲಂಚ್" ಖಾರ ಕಮ್ಮಿ ಇರಲಿ ಅಂತ ಇನ್ನೊಂದು ಸಾಲು.

ಮೊದಲು ನಗು ಬಂತು. ಆಮೇಲೆ ಯೋಚಿಸಿದರೆ, ತಪ್ಪಿನಲ್ಲೂ ಒಂದು ಲೆಕ್ಕ ಇದೆ. ಬಸ್ ಒಂದಾದರೆ ಬಸ್, ಎರಡಾದರೆ ಬಸಸ್. ಹಾಗಾದರೆ ಜಪಾನೀಸ್ ಇಬ್ಬರಾದರೆ ಜಪಾನೀಸಸ್ ಆಗಬೇಕು. ಮ್ಯಾನ್ ಹೋಗಿ ಮೆನ್ ಆಗುತ್ತದೆ. ಹಾಗಾದರೆ ಜರ್ಮನ್ ಹೋಗಿ ಜರ್ಮೆನ್ ಆಗಬೇಕು. ನಾನೇ ಹೇಳಿಕೊಟ್ಟ ನಿಯಮಗಳು ಇವು. ಅವಳು ಚಾಚೂ ತಪ್ಪದೆ ಪಾಲಿಸಿದ್ದಾಳೆ, ಅಷ್ಟೇ.

ಸರಿ, ಹಾಗಾದರೆ ಸಿಕ್ಕು ಎಲ್ಲಿದೆ? ನನ್ನ ಪ್ರಕಾರ ಅದು ಇಂಗ್ಲಿಷಿನಲ್ಲಿ ಇರುವುದಕ್ಕಿಂತ ಜಾಸ್ತಿ ನಮ್ಮ ಕನ್ನಡದ ಅಭ್ಯಾಸದಲ್ಲಿದೆ. ನಮ್ಮ ಹತ್ತಿರ 'ರು' ಅನ್ನೋ ಒಂದು ಅಕ್ಷರ ಇದೆ. ಅದಕ್ಕೆ ಮಡಿ ಮೈಲಿಗೆ ಏನೂ ಇಲ್ಲ. ಕನ್ನಡಿಗ, ಕನ್ನಡಿಗರು. ತಮಿಳು, ತಮಿಳರು. ಹೊರಗಿನ ಪದ ಬಂದರೂ ಅಷ್ಟೇ. ಬ್ರಿಟಿಷರು, ಫ್ರೆಂಚರು, ಡಚ್ಚರು, ಪೋರ್ಚುಗೀಸರು. ಗುಣ ಹೇಳುವ ಪದವನ್ನೂ ಬಿಡುವುದಿಲ್ಲ: ಬಡವರು, ದೊಡ್ಡವರು, ಒಳ್ಳೆಯವರು. 'ರು' ಹೋಗಿ 'ರ' ಆದರೆ ಅದು ಅವರದ್ದು: ಫ್ರೆಂಚರ ಊಟ, ಬಡವರ ಮನೆ. ಎಲ್ಲದಕ್ಕೂ ಒಂದೇ ಕೀಲಿಕೈ.

ಇಂಗ್ಲಿಷಿಗೆ ಈ 'ರು' ಇಲ್ಲ. ಅದರ ಹತ್ತಿರ ಇರುವುದು ಎಸ್. ಎಸ್ ಅನ್ನೋದು ತುಂಬಾ ಬಿಗುಮಾನದ ಅಕ್ಷರ. ನಾಮಪದಕ್ಕೆ ಮಾತ್ರ ಅಂಟುತ್ತದೆ, ಗುಣವಾಚಕದ ಹತ್ತಿರ ಸುಳಿಯುವುದಿಲ್ಲ. ಪೂರ್ ಅಂದರೆ ಬಡ. ಬಡವರು ಅನ್ನೋದಕ್ಕೆ 'ಪೂರ್ಸ್' ಅಂತ ಯಾರೂ ಬರೆಯುವುದಿಲ್ಲ, 'ದಿ ಪೂರ್' ಅಂತಾರೆ. ಮುಂದೆ 'ದಿ' ಹಚ್ಚಿದರೆ ಅಷ್ಟೂ ಬಡವರು ಬಂದುಬಿಟ್ಟರು. ಫ್ರೆಂಚ್ ಕೂಡ ಇದೇ ಜಾತಿ. ಅದು ಹುಟ್ಟಿನಿಂದಲೇ ಗುಣವಾಚಕ. ಫ್ರೆಂಚ್ ಬ್ರೆಡ್, ಫ್ರೆಂಚ್ ಗಡ್ಡ. ಜನ ಬೇಕಿದ್ದರೆ 'ದಿ ಫ್ರೆಂಚ್'. ಅಲ್ಲಿಗೆ ಮುಗಿಯಿತು, ಎಸ್ ಇಲ್ಲ.

ಇಂಡಿಯನ್ ಮಾತ್ರ ಎರಡೂ ಕಡೆ ಆಡುವ ಪದ. ಇಂಡಿಯನ್ ಫುಡ್ ಅಂದರೆ ಗುಣವಾಚಕ. ಆನ್ ಇಂಡಿಯನ್ ಅಂದರೆ ನಾಮಪದ, ಒಬ್ಬ ಭಾರತೀಯ. ನಾಮಪದವೂ ಆಗಿರುವುದರಿಂದ ಎಸ್ ಸಲೀಸಾಗಿ ಅಂಟುತ್ತದೆ: ಇಂಡಿಯನ್ಸ್.

ನಾನು ಮಕ್ಕಳಿಗೆ ಒಂದು ಪರೀಕ್ಷೆ ಹೇಳಿಕೊಡುತ್ತೇನೆ. ಪದಕ್ಕೆ ಮೊದಲು 'ಅ' ಅಥವಾ 'ಆನ್' ಇಟ್ಟು ನೋಡಿ, ಕಿವಿಗೆ ಒಪ್ಪುತ್ತಾ ಅಂತ. ಆನ್ ಇಂಡಿಯನ್, ಅ ಜರ್ಮನ್, ಅ ಗ್ರೀಕ್, ಅ ಪಾಕಿಸ್ತಾನಿ, ಅ ಥಾಯ್. ಒಪ್ಪಿತು. ಹಾಗಾದರೆ ಎಸ್ ಹಾಕಿ: ಇಂಡಿಯನ್ಸ್, ಜರ್ಮನ್ಸ್, ಗ್ರೀಕ್ಸ್, ಪಾಕಿಸ್ತಾನೀಸ್, ಥಾಯ್ಸ್. ಇನ್ನು 'ಅ ಫ್ರೆಂಚ್', 'ಆನ್ ಇಂಗ್ಲಿಷ್', 'ಅ ಡಚ್'? ಅರ್ಧಕ್ಕೆ ನಿಂತ ಹಾಗಿದೆ, ಅಲ್ವಾ? ಅ ಫ್ರೆಂಚ್ ಏನು? ಫ್ರೆಂಚ್ ಕುರ್ಚಿಯಾ, ಫ್ರೆಂಚ್ ನಾಯಿಯಾ? ಇವಕ್ಕೆ ಎಸ್ ಬೇಡ.

ಬಹುಪಾಲು ಕೆಲಸ ಇಷ್ಟರಲ್ಲೇ ಆಗುತ್ತದೆ. ಉಳಿದಿದ್ದು ಪದದ ಬಾಲ ನೋಡಿದರೆ ಗೊತ್ತಾಗುತ್ತದೆ.

ಇಂಗ್ಲಿಷ್, ಐರಿಶ್, ಸ್ಪ್ಯಾನಿಶ್, ಡ್ಯಾನಿಶ್, ಟರ್ಕಿಶ್. ಎಲ್ಲದರ ಬಾಲದಲ್ಲೂ 'ಇಶ್' ಇದೆ. ಇದು ಹಳೇ ಇಂಗ್ಲಿಷಿನ ಸ್ವಂತ ಬಾಲ. 'ಅದಕ್ಕೆ ಸೇರಿದ, ಅದರ ಥರದ' ಅಂತ ಅರ್ಥ. ಚೈಲ್ಡಿಶ್, ಫೂಲಿಶ್ ಅನ್ನುವಾಗ ಇರುವುದೂ ಇದೇ ಇಶ್. ಫ್ರೆಂಚ್, ವೆಲ್ಶ್, ಡಚ್ ಇವಕ್ಕೆ ಇಶ್ ಎಲ್ಲಿದೆ ಅಂತ ಕೇಳಬಹುದು. ಅಲ್ಲೂ ಅದೇ ಇತ್ತು, ನಾಲಿಗೆಯ ಮೇಲೆ ಓಡಾಡಿ ಸವೆದು ಹೋಗಿದೆ. ಸಾವಿರ ವರ್ಷದ ಹಿಂದೆ ಫ್ರೆಂಚ್ ಅನ್ನುವುದನ್ನು 'ಫ್ರೆಂಕಿಸ್ಕ್' ಥರ ಬರೆಯುತ್ತಿದ್ದರು. ಬಾಲ ಸವೆದರೂ ಗುಣವಾಚಕದ ಗುಣ ಹೋಗಲಿಲ್ಲ, ಎಸ್ಸನ್ನು ಹತ್ತಿರ ಸೇರಿಸಲಿಲ್ಲ.

ಆದರೆ ಒಬ್ಬರೋ ಇಬ್ಬರೋ ಮನುಷ್ಯರನ್ನು ಹೇಳಲೇಬೇಕಲ್ಲ? ಅದಕ್ಕೆ ಇಂಗ್ಲಿಷ್ ಎರಡು ದಾರಿ ಮಾಡಿಕೊಂಡಿದೆ. ಕೆಲವಕ್ಕೆ ಮ್ಯಾನ್, ವುಮನ್ ಕಟ್ಟಿಬಿಟ್ಟಿದೆ: ಇಂಗ್ಲಿಷ್‌ಮನ್, ಐರಿಶ್‌ಮನ್, ಫ್ರೆಂಚ್‌ವುಮನ್. ಜಾಸ್ತಿ ಜನ ಆದರೆ ಮೆನ್, ವಿಮೆನ್. ಇನ್ನು ಕೆಲವಕ್ಕೆ ಬೇರೆಯದೇ ನಾಮಪದ ಇದೆ. ಸ್ಪೇನಿನವನು ಸ್ಪ್ಯಾನಿಯರ್ಡ್, ಡೆನ್ಮಾರ್ಕಿನವನು ಡೇನ್, ಪೋಲೆಂಡಿನವನು ಪೋಲ್, ಸ್ವೀಡನ್ನಿನವನು ಸ್ವೀಡ್, ಟರ್ಕಿಯವನು ಟರ್ಕ್, ಸ್ಕಾಟ್ಲೆಂಡಿನವನು ಸ್ಕಾಟ್. ಇವೆಲ್ಲಾ ಅಪ್ಪಟ ನಾಮಪದ, ಕಣ್ಣುಮುಚ್ಚಿ ಎಸ್ ಹಾಕಬಹುದು. ಸ್ಕಾಟ್ಲೆಂಡಿನವರನ್ನು ಸ್ಕಾಚ್ ಅಂತ ಮಾತ್ರ ಕರೆಯಬೇಡಿ. ಆ ಪದವನ್ನು ಅವರು ಬಾಟಲಿಗೆ ಬಿಟ್ಟುಕೊಟ್ಟಿದ್ದಾರೆ.

ನಮ್ಮ ಜಿಲ್ಲೆಯಲ್ಲೇ ಇದಕ್ಕೊಂದು ಒಳ್ಳೇ ಉದಾಹರಣೆ ಇದೆ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕೆಜಿಎಫ್‌ನಲ್ಲಿ ಚಿನ್ನದ ಗಣಿ ಕೈಗೆತ್ತಿಕೊಂಡಾಗ ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಗಣಿ ಕೆಲಸ ಬಲ್ಲವರು ಬಂದರು. ಅಲ್ಲಿ ತವರದ ಗಣಿಗಳಲ್ಲಿ ಪಳಗಿದ ಕೈಗಳು ಅವು. ಅವರನ್ನು ಇಂಗ್ಲಿಷಿನಲ್ಲಿ ಏನಂತ ಬರೆಯಬೇಕು? ಕಾರ್ನ್‌ವಾಲ್‌ನದ್ದು ಕಾರ್ನಿಶ್. ಬಾಲದಲ್ಲಿ ಇಶ್ ಇದೆ, ಆದ್ದರಿಂದ 'ಕಾರ್ನಿಶಸ್' ಅಲ್ಲ. ಕಾರ್ನಿಶ್ ಮೈನರ್ಸ್, ಇಲ್ಲಾ ಕಾರ್ನಿಶ್‌ಮೆನ್. ಗಣಿ 2001ರಲ್ಲಿ ಮುಚ್ಚಿತು. ಲಿಟಲ್ ಇಂಗ್ಲೆಂಡ್ ಅನ್ನೋ ಅಡ್ಡಹೆಸರು ಮಾತ್ರ ಆ ಊರನ್ನು ಇನ್ನೂ ಬಿಟ್ಟಿಲ್ಲ.

ಬ್ರಿಟಿಷ್ ಪದದ ಕತೆ ಸ್ವಲ್ಪ ಬೇರೆ. 1791ರಲ್ಲಿ ನಂದಿದುರ್ಗ ಹಿಡಿದವರು ಯಾರು ಅಂದರೆ ನಮ್ಮ ಮಕ್ಕಳು 'ಬ್ರಿಟಿಷರ್ಸ್' ಅಂತ ಬರೆಯುತ್ತಾರೆ. ಈ ಬ್ರಿಟಿಷರ್ ನಮ್ಮ ದೇಶದ ಪೇಪರುಗಳಲ್ಲಿ, ಪಠ್ಯಗಳಲ್ಲಿ ಓಡಾಡುವ ಪದ. ಬ್ರಿಟನ್ನಿನವರು ತಮ್ಮನ್ನು ತಾವು ಹಾಗೆ ಕರೆದುಕೊಳ್ಳುವುದು ಅಪರೂಪ. 'ದಿ ಬ್ರಿಟಿಷ್' ಅಂತಾರೆ, ಒಬ್ಬರಾದರೆ ಬ್ರಿಟನ್ ಅಂತಾರೆ. ಈ ಬ್ರಿಟನ್ ಕೊನೆಗೆ 'ಓಎನ್' ಬರುತ್ತದೆ, ದೇಶದ ಹೆಸರಿನ ಥರ 'ಎಐಎನ್' ಅಲ್ಲ. ನನಗೇನೋ ಬ್ರಿಟಿಷರ್ ಪದದ ಮೇಲೆ ಸಿಟ್ಟಿಲ್ಲ. 'ಬ್ರಿಟಿಷರು' ಅನ್ನೋದಕ್ಕೆ ಒಂದು ಎಸ್ ಸಿಕ್ಕಿಸಿದ ಹಾಗೆ ಕೇಳುತ್ತದೆ, ನಮ್ಮ ಬಾಯಿಗೆ ಹಿತವಾಗಿದೆ. ಪರೀಕ್ಷೆಯಲ್ಲಿ, ಹೊರದೇಶಕ್ಕೆ ಬರೆಯುವ ಕಾಗದದಲ್ಲಿ ಮಾತ್ರ ಬೇಡ.

ಈಗ ಜಪಾನೀಸ್‌ಗೆ ಬರೋಣ. ಚೈನೀಸ್, ಪೋರ್ಚುಗೀಸ್, ವಿಯೆಟ್ನಮೀಸ್, ತೈವಾನೀಸ್, ಎಲ್ಲದರ ಬಾಲದಲ್ಲಿ 'ಈಸ್'. ಇದು ಲ್ಯಾಟಿನ್ ಮೂಲದ್ದು. ಇಟಲಿ, ಫ್ರಾನ್ಸ್ ಕಡೆಯ ಭಾಷೆಗಳಿಂದ ಇಂಗ್ಲಿಷಿಗೆ ಬಂತು. ಇದು ಇಶ್ ಥರ ಪೂರ್ತಿ ಗುಣವಾಚಕವೂ ಅಲ್ಲ, ಇಂಡಿಯನ್ ಥರ ಸಲೀಸು ನಾಮಪದವೂ ಅಲ್ಲ. 'ಟೂ ಫ್ರೆಂಚ್' ತಪ್ಪು. 'ಟೂ ಜಪಾನೀಸ್' ಸರಿ. ಎಣಿಸಬಹುದು, ಆದರೆ ಎಸ್ ಹಾಕುವ ಹಾಗಿಲ್ಲ. ಒಂದು ಕುರಿ ಶೀಪ್, ನೂರು ಕುರಿಯೂ ಶೀಪ್ ಅನ್ನುವ ಹಾಗೆ. ಬಾಲ ಆಗಲೇ ಸುಯ್ ಅನ್ನುತ್ತಿದೆ, ಇನ್ನೊಂದು ಸುಯ್ ಯಾಕೆ ಅಂತ ಇಂಗ್ಲಿಷಿನವರ ಕಿವಿ ತೀರ್ಮಾನ ಮಾಡಿದ ಹಾಗಿದೆ. ಸ್ವಿಸ್ ಕೂಡ ಹೀಗೇ. ಒಬ್ಬನೂ ಸ್ವಿಸ್, ಊರೆಲ್ಲಾ ಸ್ವಿಸ್.

ತಮಾಷೆ ಏನು ಗೊತ್ತಾ? ಹಿಂದೆ ಇಂಗ್ಲಿಷಿನವರೂ ಎಸ್ ಹಾಕುತ್ತಿದ್ದರು. 1667ರಲ್ಲಿ ಅಚ್ಚಾದ ಮಿಲ್ಟನ್ ಕವಿಯ ಮಹಾಕಾವ್ಯದಲ್ಲೇ 'ಚೈನೀಸಸ್' ಅಂತ ಇದೆ. ನಮ್ಮ ನರಸಾಪುರದ ಹುಡುಗಿ ಮುನ್ನೂರೈವತ್ತು ವರ್ಷ ತಡವಾಗಿ ಹುಟ್ಟಿದ್ದಾಳೆ, ಅಷ್ಟೇ. ಆಮೇಲೆ ಆ ಎಸ್ ಬಿದ್ದು ಹೋಯಿತು. ಬಿದ್ದಮೇಲೆ ಇನ್ನೊಂದು ಎಡವಟ್ಟಾಯಿತು. ಚೈನೀಸ್ ಅನ್ನೋದೇ ಬಹುವಚನ ಇರಬೇಕು ಅಂದುಕೊಂಡು, ಒಬ್ಬನಿಗೆ 'ಚೈನೀ' ಅಂತ ಕೆಲವರು ಹೊಸ ಪದ ಕಡೆದರು. ಬಟಾಣಿಗೂ ಇಂಗ್ಲಿಷಿನಲ್ಲಿ ಇದೇ ಗತಿಯಾಗಿತ್ತು. ಮೊದಲು ಪದ ಇದ್ದದ್ದು 'ಪೀಸ್'. ಅದರ ಕೊನೆಯ ಸದ್ದನ್ನು ಬಹುವಚನ ಅಂದುಕೊಂಡು ಕತ್ತರಿಸಿ 'ಪೀ' ಮಾಡಿದರು. ಬಟಾಣಿಯ ಪೀ ಉಳಿಯಿತು. ಚೈನೀ ಬೈಗುಳವಾಯಿತು. 'ಚೈನಾಮನ್' ಅನ್ನೋದೂ ಇವತ್ತು ಅವಮಾನದ ಮಾತೇ. ಕ್ರಿಕೆಟ್ಟಿನಲ್ಲಿ ಎಡಗೈ ಸ್ಪಿನ್ನರ್ ಹಾಕುವ ಒಂದು ಬಾಲಿಗೆ ಆ ಹೆಸರಿತ್ತು, ಅಲ್ಲೂ ಈಗ ಹಿಂದೆ ಸರಿಯುತ್ತಿದೆ.

ಇದರಿಂದ ಇನ್ನೊಂದು ಸೂಕ್ಷ್ಮ ಹೊರಡುತ್ತದೆ. 'ಅ ಚೈನೀಸ್', 'ಅ ಜಪಾನೀಸ್' ವ್ಯಾಕರಣಕ್ಕೆ ತಪ್ಪಲ್ಲ. ಆದರೂ ಈಗಿನ ಕಿವಿಗೆ ಒರಟು. ನಮ್ಮಲ್ಲಿ ಯಾರನ್ನಾದರೂ ಹೆಸರಿಲ್ಲದೆ 'ಅವನೊಬ್ಬ ತೆಲುಗು' ಅಂದರೆ ಹೇಗೆ ಕೇಳುತ್ತದೆ? ಹಾಗೆ. ಅ ಜಪಾನೀಸ್ ಇಂಜಿನಿಯರ್, ಅ ಚೈನೀಸ್ ಸ್ಟೂಡೆಂಟ್ ಅಂತ ಮನುಷ್ಯನನ್ನು ಜೊತೆಗೆ ತಂದರೆ ಮರ್ಯಾದೆ.

ಜರ್ಮನ್ ವಿಚಾರ ಸುಲಭ. ಅದರೊಳಗೆ ಕಾಣುವ 'ಮನ್' ಮನುಷ್ಯನಲ್ಲ. ಸುಮ್ನೆ ಹಾಗೆ ಕಾಣುತ್ತದೆ. ರೋಮನ್, ಆಟೊಮನ್, ಇವೂ ಹಾಗೆ. ಜರ್ಮನ್ಸ್, ರೋಮನ್ಸ್, ಆಟೊಮನ್ಸ್. ಫ್ರೆಂಚ್‌ಮನ್‌ನಲ್ಲಿ ಫ್ರೆಂಚ್ ಬೇರೆ, ಮ್ಯಾನ್ ಬೇರೆ ಅಂತ ಬಿಡಿಸಬಹುದು. ಜರ್ಮನ್‌ನಲ್ಲಿ 'ಮನ್' ತೆಗೆದರೆ ಉಳಿಯುವ 'ಜರ್'ಗೆ ಅರ್ಥವೇ ಇಲ್ಲ. ಬಿಡಿಸಿ ಎರಡು ಪದ ಸಿಕ್ಕಿದರೆ ಮಾತ್ರ ಮೆನ್.

'ಇ' ಬಾಲದವು ನಮ್ಮ ಕಡೆಯವು. ಅರಬ್ಬಿ, ಹೀಬ್ರೂ, ಪಾರ್ಸಿ, ನಮ್ಮ ಭಾಷೆಗಳಿಂದ ಹೋದವು. ಪಂಜಾಬಿ, ಬೆಂಗಾಲಿ, ನೇಪಾಳಿ, ಇರಾಕಿ, ಇಸ್ರೇಲಿ. ಎಸ್ ಹಾಕಿದರೆ ಆಯಿತು. ಬೇಬಿಗೆ ವೈ ತೆಗೆದು ಐಇಎಸ್ ಹಾಕಿದ ಹಾಗೆ ಇಲ್ಲಿ ಹಾಕಬೇಡಿ, ಇಲ್ಲಿ ಇರುವುದು ವೈ ಅಲ್ಲ, ಐ. ನೇಪಾಳದವರಿಗೆ ಎರಡು ಪದ ಇದೆ. ನೇಪಾಳಿ ಅಂದರೆ ಎಸ್ ಬೇಕು, ನೇಪಾಲೀಸ್ ಅಂದರೆ ಎಸ್ ಬೇಡ. ಒಂದೇ ಜನ, ಬಾಲ ಬೇರೆ, ನಿಯಮ ಬೇರೆ. ಕೋಲಾರದಂಥ ಗಡಿ ಊರಿನಲ್ಲಿ ಇವು ದಿನಾ ಬೇಕಾಗುವ ಪದಗಳು: ಕನ್ನಡಿಗಾಸ್, ತೆಲುಗೂಸ್, ತಮಿಳ್ಸ್, ಮಲಯಾಳೀಸ್. ಎಲ್ಲಕ್ಕೂ ಬರೀ ಎಸ್.

ಒಂದೆರಡು ಮೊಂಡ ಪದಗಳೂ ಇವೆ. ಚೆಕ್ ದೇಶದವರ ಪದ ಬರೆಯುವಾಗ ಕೊನೆಗೆ ಸಿಎಚ್ ಬರುತ್ತದೆ, ಫ್ರೆಂಚ್ ಥರವೇ ಕಾಣುತ್ತದೆ. ಸದ್ದು ಮಾತ್ರ 'ಕ್'. ಅದು ಇಶ್ ಬಾಲ ಅಲ್ಲ, ಹಾಗಾಗಿ ಚೆಕ್ಸ್. ಫಿಲಿಪಿನೋಗೆ ಟೊಮೇಟೊ ಥರ ಇಎಸ್ ಬೇಡ, ಎಸ್ ಸಾಕು. ಅದೂ ಅಲ್ಲದೆ ದೇಶದ ಹೆಸರು ಪಿಎಚ್‌ನಿಂದ ಶುರುವಾದರೆ ಜನದ ಹೆಸರು ಎಫ್‌ನಿಂದ ಶುರುವಾಗುತ್ತದೆ. ಅಫ್ಘಾನಿಸ್ತಾನದವರು ಅಫ್ಘನ್ಸ್. ಅಫ್ಘಾನಿ ಅನ್ನೋದು ಅಲ್ಲಿನ ದುಡ್ಡಿನ ಹೆಸರು.

ಇನ್ನು 'ಅವರದು' ಅನ್ನೋ ಭಾಗ. ಅಪಾಸ್ಟ್ರಫಿ. ನಮ್ಮ ಮಕ್ಕಳು ಇದನ್ನು 'ಮೇಲಿನ ಕಾಮಾ' ಅಂತಾರೆ. ನನಗೂ ಆ ಹೆಸರೇ ಇಷ್ಟ. ಕಾಮಾ ಎಲ್ಲಿ ಕೂರುತ್ತದೆ ಅನ್ನೋದಕ್ಕೆ ಒಂದೇ ಮಾತು. ಮೊದಲು ಜನ ಎಷ್ಟು ಅಂತ ಬರೆದು ಮುಗಿಸಿ. ಆಮೇಲೆ ಕೊನೆಯ ಅಕ್ಷರ ನೋಡಿ. ಒಬ್ಬ ಇಂಡಿಯನ್, ಅವನ ಬ್ಯಾಗು: ಇಂಡಿಯನ್'ಸ್. ಮೂವರು ಇಂಡಿಯನ್ಸ್, ಅವರ ಬ್ಯಾಗುಗಳು: ಇಂಡಿಯನ್ಸ್'. ಬಹುವಚನದ ಎಸ್ ಆಗಲೇ ಬಂದು ಕೂತಿದೆ, ಇನ್ನೊಂದು ಎಸ್ ಬೇಡ, ಕಾಮಾ ಮಾತ್ರ ಸಾಕು. ಇಂಗ್ಲಿಷ್‌ಮೆನ್ ಪದದ ಕೊನೆಗೆ ಎಸ್ ಇಲ್ಲ. ಆದ್ದರಿಂದ ಇಂಗ್ಲಿಷ್‌ಮೆನ್'ಸ್. ಚಿಲ್ಡ್ರನ್'ಸ್ ಇದ್ದ ಹಾಗೆ. ಓದುವಾಗ ಇಂಡಿಯನ್'ಸ್ ಮತ್ತು ಇಂಡಿಯನ್ಸ್' ಎರಡೂ ಒಂದೇ ಸದ್ದು. ಕಿವಿಗೆ ಈ ಕಾಮಾ ಇಲ್ಲವೇ ಇಲ್ಲ, ಅದು ಕಣ್ಣಿಗೆ ಮಾತ್ರ. ಎಲ್ಲರೂ ತಪ್ಪುವುದೂ ಅದಕ್ಕೇ. ಬ್ರಿಟನ್ನಿನಲ್ಲಿ ತರಕಾರಿ ಅಂಗಡಿಯವರು ಟೊಮೇಟೊ ಬೆಲೆಯ ಬೋರ್ಡಿನಲ್ಲಿ ಸುಮ್ಮಸುಮ್ಮನೆ ಕಾಮಾ ಹಾಕುತ್ತಾರಂತೆ. ಅಂಥ ತಪ್ಪಿಗೆ 'ತರಕಾರಿಯವನ ಅಪಾಸ್ಟ್ರಫಿ' ಅನ್ನೋ ಅರ್ಥದ ಹೆಸರೇ ಇಂಗ್ಲಿಷಿನಲ್ಲಿದೆ. ಟೊಮೇಟೊ ಬೆಳೆಯುವ ನಮ್ಮ ಕೋಲಾರದಲ್ಲಿ ಇದನ್ನು ಕೇಳಿದಾಗ ಮಕ್ಕಳಿಗೆ ಬಹಳ ಖುಷಿಯಾಯಿತು.

ಹಾಗಾದರೆ 'ದಿ ಫ್ರೆಂಚ್' ಅನ್ನೋದಕ್ಕೆ? ದಿ ಫ್ರೆಂಚ್'ಸ್ ಅಂತ ಬರೆಯಬಹುದಾ? ಬರೆದರೆ ಅರ್ಥವಾಗುತ್ತದೆ, ಆದರೆ ಪಳಗಿದ ಕೈ ಹಾಗೆ ಬರೆಯುವುದಿಲ್ಲ. ದಿ ಪೂರ್'ಸ್ ಅಂದ ಹಾಗೆ ಕುಂಟುತ್ತದೆ. ಜಪಾನೀಸ್'ಸ್, ಚೈನೀಸ್'ಸ್ ಅಂತೂ ಹಾವು ಬುಸುಗುಟ್ಟಿದ ಹಾಗೆ. ಇಲ್ಲಿ ಇಂಗ್ಲಿಷಿನವರು ಪಕ್ಕದ ಗೇಟಿನಿಂದ ಹೋಗುತ್ತಾರೆ. ಮುಂದೆ ಒಂದು ನಾಮಪದ ತಂದು ಕಾಮಾವನ್ನು ಅದರ ತಲೆಗೆ ಕಟ್ಟುತ್ತಾರೆ: ದಿ ಜಪಾನೀಸ್ ಗೆಸ್ಟ್ಸ್' ಲಂಚ್. ಇಲ್ಲವಾದರೆ 'ಆಫ್', 'ಫಾರ್' ಹಾಕಿ ತಿರುಗಿಸುತ್ತಾರೆ: ದಿ ಹ್ಯಾಬಿಟ್ಸ್ ಆಫ್ ದಿ ಫ್ರೆಂಚ್, ಲಂಚ್ ಫಾರ್ ದಿ ಜಪಾನೀಸ್.

ಎಷ್ಟೋ ಸಲ ಕಾಮಾನೇ ಬೇಡ. 'ಭಾರತೀಯರ ಅಡುಗೆ' ಅನ್ನೋದನ್ನು ನಮ್ಮ ಮಕ್ಕಳು ಇಂಡಿಯನ್ಸ್' ಫುಡ್ ಅಂತ ಬರೆಯುತ್ತಾರೆ. ನಮ್ಮ 'ರ' ಅವರ ಕೈ ಹಿಡಿದು ಎಳೆಯುತ್ತದೆ. ಇಂಗ್ಲಿಷಿಗೆ ಅಲ್ಲಿ ಗುಣವಾಚಕವೇ ಸಾಕು: ಇಂಡಿಯನ್ ಫುಡ್, ಫ್ರೆಂಚ್ ಫುಡ್, ಜಪಾನೀಸ್ ಫುಡ್. ಇಂಡಿಯನ್ಸ್' ಫುಡ್ ಅಂದರೆ ಎದುರಿಗೆ ಕೂತ ಆ ನಾಲ್ಕು ಜನ ಭಾರತೀಯರ ತಟ್ಟೆಯಲ್ಲಿರುವ ಊಟ. ಅದು ಪಿಜ್ಜಾನೂ ಆಗಿರಬಹುದು. ಇಂಡಿಯಾ'ಸ್ ಅಂದರೆ ದೇಶದ್ದು. ಕನ್ನಡದಲ್ಲಿ ಭಾರತೀಯರ, ಭಾರತದ ಅಂತ ಎರಡರಲ್ಲಿ ಮುಗಿಯುವುದು ಅಲ್ಲಿ ಮೂರಾಗುತ್ತದೆ.

ದೇಶದ ಹೆಸರೇ ಎಸ್‌ನಲ್ಲಿ ಮುಗಿದರೆ? ನೆದರ್ಲೆಂಡ್ಸ್, ಫಿಲಿಪೀನ್ಸ್, ಮಾಲ್ಡೀವ್ಸ್, ಯುನೈಟೆಡ್ ಸ್ಟೇಟ್ಸ್. ಬರೀ ಕಾಮಾ ಹಾಕಿ ಬಿಡುವುದೇ ರೂಢಿ. ಇವು ನೋಡಲು ಬಹುವಚನ, ನಡೆಯುವುದು ಏಕವಚನದಲ್ಲಿ. ಯುನೈಟೆಡ್ ಸ್ಟೇಟ್ಸ್ ಮೊದಲಿಂದ ಹಾಗಿರಲಿಲ್ಲ. ಗುಲಾಮಗಿರಿ ತೆಗೆದುಹಾಕಿದ 1865ರ ಸಂವಿಧಾನದ ಹದಿಮೂರನೇ ತಿದ್ದುಪಡಿಯಲ್ಲಿ ಅಮೆರಿಕವನ್ನು 'ಅದರ' ಅನ್ನದೆ 'ಅವುಗಳ' ಅನ್ನೋ ಹಾಗೆ 'ದೇರ್' ಅಂತ ಬರೆದಿದ್ದಾರೆ. ದೇಶ ಒಂದಾದ ಮೇಲೂ ವ್ಯಾಕರಣ ಒಂದಾಗಲು ಟೈಮ್ ಹಿಡಿಯಿತು.

ಸೊಪ್ಪು ಬಿಟ್ಟು ಮೇಲ್ ತಿದ್ದಿ ಕಳಿಸಿದೆ: ಟೂ ಜಪಾನೀಸ್ ಇಂಜಿನಿಯರ್ಸ್, ತ್ರೀ ಜರ್ಮನ್ಸ್ ಅಂಡ್ ಒನ್ ಫ್ರೆಂಚ್‌ಮನ್. ಕೆಳಗೆ, ದಿ ಜಪಾನೀಸ್ ಗೆಸ್ಟ್ಸ್' ಲಂಚ್.

ತಕ್ಷಣ ಫೋನ್ ಬಂತು. "ಮಿಸ್, ಆ ಫ್ರೆಂಚ್ ಅವರು ಹೆಂಗಸು."

"ಮೊದಲೇ ಹೇಳಬಾರದಾ? ಫ್ರೆಂಚ್‌ವುಮನ್ ಅಂತ ಹಾಕಮ್ಮ. ಇಲ್ಲಾ ಫ್ರೆಂಚ್ ಕಲೀಗ್ ಅಂತ ಹಾಕು, ತಂಟೆಯೇ ಬೇಡ."

"ಇನ್ನೊಂದು, ಮಿಸ್. ಅವರಿಗೆಲ್ಲಾ ನಾವು ಒಂದು ಗಿಫ್ಟ್ ಕೊಡ್ತಿದ್ದೀವಿ. ಕಾರ್ಡಿನಲ್ಲಿ ಕೋಲಾರದವರ ಪ್ರೀತಿಯ ಕಾಣಿಕೆ ಅಂತ ಹಾಕಬೇಕು. ಕೋಲಾರದವರು ಅಂದರೆ ಕೋಲಾರಿಯನ್ಸಾ, ಕೋಲಾರೀಸಾ?"

ಎರಡೂ ಅಲ್ಲ. ಇಂಗ್ಲಿಷಿನಲ್ಲಿ ನಮಗೆ ಅಂತ ನೆಲೆಯಾದ ಪದ ಇಲ್ಲ. ಪೀಪಲ್ ಆಫ್ ಕೋಲಾರ್ ಅನ್ನಬೇಕು. ಅದಕ್ಕೆ ಕಾಮಾ ಹಾಕಲು ಹೋದರೆ ಪೀಪಲ್ ಆಫ್ ಕೋಲಾರ್'ಸ್ ಗಿಫ್ಟ್ ಆಗುತ್ತದೆ. ಇಂಗ್ಲಿಷಿನಲ್ಲಿ ಅದು ನಡೆಯುತ್ತದೆ, ಕಿಂಗ್ ಆಫ್ ಇಂಗ್ಲೆಂಡ್'ಸ್ ಅಂದ ಹಾಗೆ. ಓದಿದವರಿಗೆ ಮಾತ್ರ ಕಾಣಿಕೆ ಜನರದ್ದಾ, ಕೋಲಾರದ್ದಾ ಅಂತ ಒಂದು ಗಳಿಗೆ ಗೊಂದಲ. "ಅ ಗಿಫ್ಟ್ ಫ್ರಮ್ ದಿ ಪೀಪಲ್ ಆಫ್ ಕೋಲಾರ್ ಅಂತ ಬರಿ" ಅಂದೆ. ಒಂದೂ ಕಾಮಾ ಇಲ್ಲ.

"ಸರಿ ಮಿಸ್. ಪೀಪಲ್‌ಗೆ ಎಸ್ ಬೇಡ್ವಾ?"

"ನಾಳೆ ಬಾ," ಅಂದು ಸೊಪ್ಪಿನ ಪಾತ್ರೆ ಒಲೆ ಮೇಲೆ ಇಟ್ಟೆ.